ತಪ್ಪು ತಿದ್ದಿದವರ ಪರಂಪರೆ

ನಮ್ಮ ನುಡಿಯಲ್ಲಿ ‘ತಿದ್ದು’ ಎಂಬ ಒಂದು ಚಿಕ್ಕ ಕ್ರಿಯಾಪದವಿದೆ. ಅದಕ್ಕೆ ಎರಡು ಬಳಕೆ. ಎಳೆಯ ಮಗುವು ಮರಳಿನಲ್ಲಿ ಬರೆದುಕೊಟ್ಟ ಅಕ್ಷರದ ಮೇಲೆ ಮತ್ತೆ ಮತ್ತೆ ಬೆರಳಾಡಿಸುವುದಕ್ಕೆ ಅಕ್ಷರ ತಿದ್ದುವುದೆನ್ನುತ್ತೇವೆ. ಶಾಲೆಯ ಮಾಸ್ತರನು ಕೆಂಪು ಶಾಯಿಯಿಂದ ಹುಡುಗರ ತಪ್ಪಿನ ಮೇಲೆ ಗೆರೆಯೆಳೆಯುವುದಕ್ಕೂ ತಿದ್ದುವುದೆಂದೇ ಹೆಸರು. ಅಂದರೆ ಕಲಿಯುವವನೂ ತಿದ್ದುವವನೇ, ಕಲಿಸುವವನೂ ತಿದ್ದುವವನೇ. ಹೈಸ್ಕೂಲಿನ ಕನ್ನಡ ಪಂಡಿತನಾಗಿ ಬಹುಕಾಲ ನಾನು ಎರಡನೆಯ ಅರ್ಥವನ್ನೊಂದೇ ಹಿಡಿದುಕೊಂಡಿದ್ದೆ. ಮೊದಲನೆಯದನ್ನು ನೆನಪಿಗೆ ತಂದುಕೊಟ್ಟವಳು ಎಂಟನೆಯ ಇಯತ್ತೆಯ ಒಬ್ಬ ಹುಡುಗಿ.

ಆ ಸಂಗತಿ ಹೀಗಿದೆ. ಹಿರೇಕೆರೂರ ಸೀಮೆಯ ಒಂದು ಶಾಲೆಯಲ್ಲಿ ನಾನು ಹೊಸದಾಗಿ ಸೇರಿದ್ದ ಕಾಲ. ‘ರಜೆಯ ಒಂದು ದಿನ’ ಎಂಬ ವಿಷಯದ ಮೇಲೆ ನಿಬಂಧ ಬರೆಯಲು ಹೇಳಿದ್ದೆ. ಆ ಹುಡುಗಿ ಎರಡು ಪುಟ ತುಂಬ ಬರೆದಿದ್ದಳು. ಅವ್ವನ ಸಂಗಡ ಕೆರೆಗೆ ಅರಿವಿ ಒಗೆಯಲು ಹೋದದ್ದು, ನೀರಿನಲ್ಲಿ ಮುಗಿಲು ಕಂಡದ್ದು, ತಮ್ಮನು ಕಾಲು ಜಾರಿ ಬಿದ್ದದ್ದು, ಎಲ್ಲವೂ ಅದರಲ್ಲಿದ್ದವು. ನಾನು ‘ಅರಿವಿ’ ಎಂಬಲ್ಲೆಲ್ಲ ಗೆರೆಯೆಳೆದು ‘ಬಟ್ಟೆ’ ಎಂದು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. “ಇದು ಕೇರಿಯ ಮಾತು, ಗ್ರಂಥಕ್ಕೆ ಸಲ್ಲದು” ಎಂದು ವರ್ಗದ ಮುಂದೆ ಓದಿ ತೋರಿಸಿದೆ. ಹುಡುಗರು ನಕ್ಕರು. ಆ ಮೇಲೆ ಆಕೆಯ ಪಟ್ಟಿಯಲ್ಲಿ ನನಗೆ ತಪ್ಪು ಸಿಕ್ಕಲಿಲ್ಲ. ಏಕೆಂದರೆ ಆಕೆ ನಾಲ್ಕು ಸಾಲಿಗಿಂತ ಹೆಚ್ಚು ಬರೆಯುವುದನ್ನೇ ಬಿಟ್ಟಳು. ನಾನು ತಿದ್ದಿದೆನೋ ಕೆಡಿಸಿದೆನೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈಗಂತೂ ತಿದ್ದುವವರಿಗೆ ಬರವಿಲ್ಲ. ಊರಲ್ಲೊಂದು ಮದುವೆಯಾದರೆ ಹಂದರದ ಮುಂದಿನ ಫಲಕದ ಮೇಲೆ ‘ಹಾರ್ಧಿಕ ಶುಭಾಷಯಗಳು’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಇರುವವು ಎರಡು ಶಬ್ದ, ತಪ್ಪುಗಳೂ ಎರಡು. ಹೃದಯದಿಂದ ಬಂದುದು ‘ಹಾರ್ದಿಕ’, ಅಲ್ಲಿ ಮಹಾಪ್ರಾಣಕ್ಕೆ ಎಡೆಯಿಲ್ಲ. ಶುಭ ಮತ್ತು ಆಶಯ ಕೂಡಿದರೆ ‘ಶುಭಾಶಯ’ವಾಗುವುದಲ್ಲದೆ ‘ಷ’ಕಾರ ಎಲ್ಲಿಂದಲೂ ಬರಲಾರದು. ಇದನ್ನು ತಿದ್ದಬೇಕಾದದ್ದೇ. ಆದರೆ ತಿದ್ದುವವರು ಅಕ್ಷರದ ಹತ್ತಿರ ನಿಲ್ಲುವುದಿಲ್ಲ. ಅಕ್ಷರದಿಂದ ಬರೆದವನಿಗೆ, ಬರೆದವನಿಂದ ಅವನ ಊರಿಗೆ, ಊರಿನಿಂದ ಅವನ ಕುಲಕ್ಕೆ ಮಾತು ಹತ್ತುತ್ತದೆ. “ನಿನಗೆ ಕನ್ನಡವೇ ಬಾರದು” ಎಂದಲ್ಲಿಗೆ ಮುಗಿಯುತ್ತದೆ. ಇದು ಈ ಕಾಲದ ಕೆಡುಕು ಎಂದು ಹಿರಿಯರು ನಿಟ್ಟುಸಿರಿಡುವುದುಂಟು. ಇತಿಹಾಸವನ್ನು ನೋಡಿದರೆ ಹಾಗಿಲ್ಲ. ಕನ್ನಡಿಗರು ಒಬ್ಬರ ಕನ್ನಡವನ್ನು ಒಬ್ಬರು ತಿದ್ದಲು ತೊಡಗಿ ಸಾವಿರ ವರ್ಷಗಳ ಮೇಲಾಯಿತು. ಆ ಕತೆಯಲ್ಲಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಮ್ಮ ನಾಲ್ಕು ತಾಲೂಕುಗಳ ನೆಲಕ್ಕೂ ಪಾಲುಂಟು.

ನಮಗೆ ದೊರೆತ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕೂ ಹಳೆಯದು ‘ಕವಿರಾಜಮಾರ್ಗ’. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಸುಮಾರು ೮೫೦ರಲ್ಲಿ ರಚಿಸಿದ್ದು. ಅದು ಕಾವ್ಯವಲ್ಲ, ಕಾವ್ಯ ಬರೆಯುವವರಿಗೆ ಗುಣ ಯಾವುದು ದೋಷ ಯಾವುದು ಎಂದು ತಿಳಿಸುವ ಗ್ರಂಥ. ಎಂದರೆ ನಮ್ಮ ಸಾಹಿತ್ಯದ ಮೊದಲ ಹೊತ್ತಗೆಯೇ ಒಂದು ತಿದ್ದುವ ಹೊತ್ತಗೆ! ತಿರುಳ್ಗನ್ನಡದ ನಾಡು ಎಲ್ಲಿದೆ ಎಂದು ಅದು ಗಡಿ ಗುರುತಿಸಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಿನ ನುಡಿಯೇ ಅದು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ, ಸವಣೂರಿಗೂ ಶಿಗ್ಗಾವಿಗೂ ನೆರೆಯ ಊರು. ೯೪೧ರಲ್ಲಿ ಕಾವ್ಯ ಮುಗಿಸಿದ ಪಂಪನೂ ತನ್ನ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟಿದ್ದಾನೆ. ಆದುದರಿಂದ “ನಮ್ಮದೇ ಅಚ್ಚ ಕನ್ನಡ” ಎಂದು ನಮ್ಮ ಕಡೆಯವರು ಮೀಸೆ ತಿರುವಿದರೆ ಅದಕ್ಕೆ ಹಳೆಯ ಆಧಾರವಿಲ್ಲದಿಲ್ಲ.

ಆದರೆ ಅದೇ ಗ್ರಂಥವು ಬೇರೆ ಎರಡು ಮಾತುಗಳನ್ನೂ ಹೇಳಿದೆ. ಅವನ್ನು ಮೀಸೆ ತಿರುವುವವರು ಓದುವುದು ಕಡಿಮೆ. ಮೊದಲನೆಯದು, ಕನ್ನಡದ ದೇಸಿಗಳು ಬೇರೆಬೇರೆಯಾಗಿರುವುದರಿಂದ ಅವುಗಳ ದೋಷವನ್ನೆಲ್ಲ ತಿಳಿಯಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತೆಂಬುದು. ಎರಡನೆಯದು ಇನ್ನೂ ಹರಿತವಾದದ್ದು. ಈ ನಾಡಿನವರು ಓದದೆಯೂ ಕಾವ್ಯದಲ್ಲಿ ನಿಪುಣರೆಂದು ಹೊಗಳಿದ ಪದ್ಯ ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಶ್ರೀವಿಜಯನು ಮತ್ತೊಂದು ಬಗೆಯ ಜನರನ್ನು ಚಿತ್ರಿಸುತ್ತಾನೆ. ಜಾಣರಲ್ಲದವರು ಕೂಡ, ತಿಳಿಯದಿದ್ದರೂ ತಿಳಿದವರಂತೆ, ಒಂದು ಚೂರು ತಪ್ಪಿನ ಎಡೆ ಸಿಕ್ಕರೆ ಸಾಕು, ಅದನ್ನೇ ಬಿಡದೆ ಹಿಡಿದು ಇಡೀ ಕೃತಿಯನ್ನು ಹಳಿಯುತ್ತಾರೆ ಎಂಬುದು ಅವನ ನುಡಿಯ ಭಾವ. ಸಾವಿರದ ನೂರೆಪ್ಪತ್ತು ವರ್ಷಗಳ ಹಿಂದಿನ ಈ ಮಾತನ್ನು ಇಂದಿನ ಯಾವ ಊರಿನ ಕಟ್ಟೆಯ ಮೇಲೆ ಹೇಳಿದರೂ ಸಲ್ಲುತ್ತದೆ. ದೋಷವನ್ನು ತಿದ್ದುವ ಗ್ರಂಥವೇ ದೋಷಾನ್ವೇಷಿಗಳನ್ನೂ ತಿದ್ದಿದೆ ಎಂಬುದು ಮನಗಾಣತಕ್ಕ ಸಂಗತಿ.

ನೃಪತುಂಗನ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತ ಬಂಕಾಪುರ ಶಿಗ್ಗಾವಿ ತಾಲೂಕಿನಲ್ಲಿದೆ. ೮೯೮ರಲ್ಲಿ, ಬಂಕೆಯನ ಮಗ ಲೋಕಾದಿತ್ಯನ ಆಳಿಕೆಯಲ್ಲಿ, ಗುಣಭದ್ರರ ‘ಉತ್ತರಪುರಾಣ’ಕ್ಕೆ ಅಲ್ಲಿ ಪೂಜೆ ನಡೆಯಿತು. ಅಜಿತಸೇನಾಚಾರ್ಯರು ಅಲ್ಲಿದ್ದವರು, ಗಂಗ ದೊರೆ ಮಾರಸಿಂಹನು ಅವರ ಸನ್ನಿಧಿಯಲ್ಲಿ ಸಲ್ಲೇಖನ ಕೈಕೊಂಡದ್ದು ಬಂಕಾಪುರದಲ್ಲಿಯೇ. ಕವಿ ರನ್ನ ಆ ಅಜಿತಸೇನರ ಶಿಷ್ಯ. ತನ್ನ ಕೃತಿರತ್ನವನ್ನು ಪರೀಕ್ಷಿಸಹೋಗುವವನಿಗೆ ಎಂಟು ಎದೆಗಳಿರಬೇಕು ಎಂದು ಈ ರನ್ನ ಸವಾಲು ಹಾಕಿದ್ದಾನೆ. ತಿದ್ದುವವರ ಕಾಟ ಅವನ ಕಾಲಕ್ಕೂ ಕಡಿಮೆಯಿರಲಿಲ್ಲವೆಂದು ಇದರಿಂದ ತೋರುತ್ತದೆ. ಮುಂದೆ ೧೧೧೨ರಲ್ಲಿ ‘ಧರ್ಮಾಮೃತ’ ಬರೆದ ಮುಳಗುಂದದ ನಯಸೇನನು, ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಸಂಸ್ಕೃತವನ್ನು ಬೆರೆಸುವವರನ್ನು ಕಂಡು ತುಪ್ಪಕ್ಕೂ ಎಣ್ಣೆಗೂ ಬೆರಕೆ ಸಲ್ಲದೆಂದು ಕುಟುಕಿದ. ಒಬ್ಬರಿಗೆ ಶುದ್ಧವಾದದ್ದು ಇನ್ನೊಬ್ಬರಿಗೆ ಕಲಬೆರಕೆ. ಇದೂ ಹೊಸ ಜಗಳವಲ್ಲ.

ಇನ್ನು ಗ್ರಂಥದಿಂದ ಕಲ್ಲಿಗೆ ಬರೋಣ. ಹಿರೇಕೆರೂರ ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಪವಾಡವನ್ನು ಹೇಳುವ ಪ್ರಸಿದ್ಧ ಶಾಸನವಿದೆ. ಕಾಲ ಸುಮಾರು ೧೨೦೦. ಇಂಥ ದೊಡ್ಡ ಶಾಸನದ ಹಿಂದೆ ಮೂರು ಕೈಗಳ ಕೆಲಸವಿರುವುದುಂಟು. ರಚಿಸಿದ ಕವಿಯೊಬ್ಬ, ಕಲ್ಲಿನ ಮೇಲೆ ಬರೆದ ಲಿಪಿಕಾರನೊಬ್ಬ, ಉಳಿಯಿಂದ ಕಂಡರಿಸಿದ ರೂವಾರಿ ಇನ್ನೊಬ್ಬ. ಮೂವರಲ್ಲಿ ಯಾರ ಕಣ್ಣು ತಪ್ಪಿದರೂ ಅಕ್ಷರ ತಪ್ಪುತ್ತದೆ. ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೋ ಮೇಲೋ ಚಿಕ್ಕದಾಗಿ ಕೊರೆದು ಸೇರಿಸಿದ ಕಲ್ಲುಗಳನ್ನು ನೋಡಬಹುದು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು, ಕಲ್ಲಿನ ತಪ್ಪು ಎಂಟುನೂರು ವರ್ಷ ನಿಂತು ತಾನೇ ಸಾಕ್ಷಿ ಹೇಳುತ್ತದೆ.

ಆ ಕಾಲದ ಶಾಸನಗಳಲ್ಲಿ ಒಂದು ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಹಳಗನ್ನಡದಲ್ಲಿ ‘ಳ’ ಅಲ್ಲದೆ ‘ೞ’ ಎಂಬ ಇನ್ನೊಂದು ಅಕ್ಷರವಿತ್ತು. ಮೞೆ, ಕೋೞಿ, ಏೞು, ಬಾೞ್ ಎಂದು ಬರೆಯುತ್ತಿದ್ದರು. ‘ರ’ಕಾರಕ್ಕೆ ಜೊತೆಯಾಗಿ ‘ಱ’ ಎಂಬ ಶಕಟರೇಫವಿತ್ತು. ಆಱು, ಅಱಿವು ಎಂಬಲ್ಲಿ ಬರುವುದು ಅದೇ. ಜನರ ಬಾಯಲ್ಲಿ ‘ೞ’ದ ಉಚ್ಚಾರ ಸವೆಯುತ್ತ ಹೋಯಿತು. ಬಾಯಲ್ಲಿ ಇಲ್ಲದ ಭೇದವನ್ನು ಕೈ ಎಷ್ಟು ದಿನ ಕಾಯಬಲ್ಲದು? ಲಿಪಿಕಾರರು ‘ೞ’ ಇರಬೇಕಾದಲ್ಲಿ ‘ಳ’ ಬರೆದರು. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಎಲ್ಲಿ ತಪ್ಪಾದೀತೋ ಎಂದು ಹೆದರಿದವರು ಸರಿಯಾದ ‘ಳ’ ಇರುವಲ್ಲಿಯೂ ‘ೞ’ವನ್ನು ತಂದು ಕೂಡ್ರಿಸಿದರು. ಹಾರ್ದಿಕಕ್ಕೆ ಹೊಟ್ಟೆ ಸೀಳಿ ‘ಧ’ಕಾರ ಕೊಟ್ಟ ನಮ್ಮ ಫಲಕದ ಬರಹಗಾರನ ಪೂರ್ವಜರು ಇವರೇ ಎನ್ನಬೇಕು. ಅಜ್ಞಾನಕ್ಕಿಂತಲೂ ತಪ್ಪಿನ ಭಯವು ಹೆಚ್ಚು ತಪ್ಪುಗಳನ್ನು ಹುಟ್ಟಿಸುತ್ತದೆ.

ಈ ಗೊಂದಲವನ್ನು ಕಂಡು ಕಳವಳಗೊಂಡವನು ಕೇಶಿರಾಜ. ‘ಸೂಕ್ತಿಸುಧಾರ್ಣವ’ವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗನಾದ ಈತನು ಸುಮಾರು ೧೨೬೦ರಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದನು. ಅದರಲ್ಲಿ ರಳ, ಕುಳ, ಕ್ಷಳ ಎಂದು ಳಕಾರಗಳನ್ನು ವಿಂಗಡಿಸಿ, ರಳ ಬರುವ ಶಬ್ದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕಿವಿಯಿಂದ ತಿಳಿಯುವ ಹಾಗಿದ್ದರೆ ಪಟ್ಟಿ ಏಕೆ ಬೇಕು? ಹುಡುಗರಿಗೆ ಬಾಯಿಪಾಠ ಮಾಡಿಸುವ ಮಾಸ್ತರನ ಕಷ್ಟವೇ ಕೇಶಿರಾಜನ ಕಷ್ಟವೂ ಆಗಿತ್ತು.

ಕೇಶಿರಾಜ ಗೆದ್ದನೇ? ಬಳಕೆಯಲ್ಲಿ ಗೆಲ್ಲಲಿಲ್ಲ. ಇಂದು ಮಳೆಯೆಂದು ‘ಳ’ಕಾರದಿಂದ ಬರೆದವನನ್ನು ಯಾವ ಪರೀಕ್ಷಕನೂ ತಪ್ಪೆನ್ನುವುದಿಲ್ಲ. ಅಂದಿನ ತಪ್ಪೇ ಇಂದಿನ ಒಪ್ಪು. ಹಾಗೆಂದು ಆತನ ಶ್ರಮ ವ್ಯರ್ಥವಾಯಿತೆನ್ನಬಾರದು. ಆ ಪಟ್ಟಿಯಿಲ್ಲದಿದ್ದರೆ ಹಳಗನ್ನಡ ಕಾವ್ಯದ ಪಾಠ, ಪ್ರಾಸಗಳನ್ನು ಸರಿಯಾಗಿ ನಿರ್ಣಯಿಸುವುದು ನಮಗೆ ಬಹಳ ಕಷ್ಟವಾಗುತ್ತಿತ್ತು. ನುಡಿಯ ಓಟವನ್ನು ವ್ಯಾಕರಣಕಾರ ನಿಲ್ಲಿಸಲಾರ. ಅದು ನಡೆದು ಬಂದ ದಾರಿಯಲ್ಲಿ ಮೈಲುಗಲ್ಲನ್ನು ನೆಡಬಲ್ಲ.

ನಮ್ಮ ಹಾನಗಲ್ಲಿನ ಹೆಸರನ್ನೇ ನೋಡಿರಿ. ಹಳೆಯ ಶಾಸನಗಳಲ್ಲಿ ಅದು ‘ಪಾನುಂಗಲ್’, ಕದಂಬರು ಆಳಿದ ಐನೂರು ಹಳ್ಳಿಗಳ ನಾಡಿನ ರಾಜಧಾನಿ. ಪಕಾರವು ಹಕಾರವಾಗಿ ತಿರುಗಿದ ಗಾಳಿ ಬೀಸಿದಾಗ ಪಾಲು ಹಾಲಾಯಿತು, ಪೂವು ಹೂವಾಯಿತು, ಪಾನುಂಗಲ್ಲು ಹಾನುಂಗಲ್ಲಾಯಿತು. ಮುಂದೆ ನಡುವಿನ ಅನುಸ್ವಾರವೂ ಉದುರಿ ಹಾನಗಲ್ಲಾಯಿತು. ಮೊದಲ ಬಾರಿಗೆ ‘ಹ’ಕಾರ ಹಾಕಿ ಬರೆದವನ ಕಿವಿಯನ್ನು ಅಂದಿನ ಪಂಡಿತನೊಬ್ಬ ಹಿಂಡಿದ್ದರೂ ಹಿಂಡಿರಬಹುದು. ಇಂದು ಬಸ್ಸಿನ ಫಲಕದ ಮೇಲೆ ಪಾನುಂಗಲ್ಲೆಂದು ಬರೆದರೆ ಕಂಡಕ್ಟರನೇ ತಿದ್ದುವನು!

ತಾಡವೋಲೆಯ ಕಾಲದ ಲಿಪಿಕಾರರು ಈ ವಿಷಯದಲ್ಲಿ ನಮಗಿಂತ ವಿನಯವುಳ್ಳವರು. ಬೆನ್ನು ಬಾಗಿ, ಕೊರಳು ಮುರಿದು, ಕಣ್ಣು ಮಂಜಾಗಿ ಬರೆದ ಈ ಪುಸ್ತಕವನ್ನು ಜೋಪಾನ ಮಾಡಿರೆಂದು ಪ್ರತಿಯ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂದು ಕೈಮುಗಿಯುವುದೂ ವಾಡಿಕೆ. ತಪ್ಪಿಗಾಗಿ ನಾಚಿಕೆಪಟ್ಟು ಬರೆಯುವುದನ್ನು ಅವರು ಬಿಡಲಿಲ್ಲ. ಓದುವವನು ತಿದ್ದಿಕೊಂಡೇ ಓದುವನೆಂಬ ನಂಬಿಗೆ ಅವರಿಗಿತ್ತು. ನನ್ನ ಆ ವಿದ್ಯಾರ್ಥಿನಿಗೆ ಇಲ್ಲವಾದದ್ದು ಈ ನಂಬಿಗೆಯೇ.

ಅಬಲೂರಿನ ಕಲ್ಲುಗಳಿಗೆ ಮತ್ತೆ ಬರುತ್ತೇನೆ. ಅವನ್ನು ಓದಿ ಲೋಕಕ್ಕೆ ತಿಳಿಸಿದವರು ಜಾನ್ ಫೇತ್‌ಫುಲ್ ಫ್ಲೀಟರು. ಮುಂಬಯಿ ಪ್ರಾಂತದ ಅಧಿಕಾರಿಯಾಗಿ ಬಂದು ಹಳಗನ್ನಡವನ್ನು ಕಲಿತವರು. ಹಿರೇಕೆರೂರು ಆಗ ಕೋಡ ತಾಲೂಕೆನಿಸಿಕೊಂಡಿತ್ತು. ‘ಎಪಿಗ್ರಾಫಿಯಾ ಇಂಡಿಕಾ’ದ ೧೮೯೮-೯೯ರ ಐದನೆಯ ಸಂಪುಟದಲ್ಲಿ ಅವರು ಅಬಲೂರಿನ ಶಾಸನಗಳನ್ನು ಪ್ರಕಟಿಸಿದರು. ಆ ಸಂಪುಟಗಳಲ್ಲಿ ಅನುಸರಿಸಿದ ಕ್ರಮವನ್ನು ಪ್ರತಿಯೊಬ್ಬ ಶಿಕ್ಷಕನೂ ಅರಿಯಬೇಕು. ಕಲ್ಲಿನಲ್ಲಿ ಏನಿದೆಯೋ ಅದನ್ನು ತಪ್ಪು ಸಹಿತ ಅಚ್ಚಿಸುವುದು, ಸರಿಯಾದ ರೂಪವನ್ನು ಕಂಸದಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ‘ಹೀಗೆ ಓದಿಕೊಳ್ಳಿರಿ’ ಎಂದು ಸೂಚಿಸುವುದು, ಬಿಟ್ಟುಹೋದ ಅಕ್ಷರವನ್ನು ತುಂಬಿದರೆ ಅದಕ್ಕೆ ಗುರುತು ಹಾಕುವುದು. ಬರೆದವನ ಮಾತು ಮೇಲೆ, ತಿದ್ದಿದವನ ಮಾತು ಕೆಳಗೆ. ಇಂದು ತಪ್ಪೆಂದು ಕಂಡದ್ದು ನಾಳೆ ಒಂದು ಹಳೆಯ ಉಚ್ಚಾರದ ಸಾಕ್ಷಿಯೆಂದು ತಿಳಿದುಬಂದರೆ ಮೂಲಪಾಠ ಅಲ್ಲೇ ಇರುತ್ತದೆ. ಶಾಸನಗಳ ತಪ್ಪುಗಳಿಂದಲೇ ಅಲ್ಲವೆ ‘ೞ’ ಯಾವ ಕಾಲದಲ್ಲಿ ಸವೆಯಿತೆಂದು ವಿದ್ವಾಂಸರು ಕಂಡುಹಿಡಿದದ್ದು? ಅವರೆಲ್ಲ ನನ್ನಂತೆ ಗೆರೆಯೆಳೆದಿದ್ದರೆ ಆ ಚರಿತ್ರೆಯೇ ಅಳಿದುಹೋಗುತ್ತಿತ್ತು.

ಈಗ ಸವಣೂರಿಗೆ ಹೋಗೋಣ. ೧೯೪೮ರವರೆಗೆ ಅದು ನವಾಬರ ಸಂಸ್ಥಾನ. ಅಲ್ಲಿಯ ಹುಕುಂ, ಜಮೀನು, ತಾರೀಖುಗಳು ಪಾರಸಿ-ಅರಬಿ ಮೂಲದವು. ಇವನ್ನೆಲ್ಲ ಹೊಡೆದುಹಾಕಿ ಶುದ್ಧ ಕನ್ನಡವನ್ನೇ ಬರೆಯಬೇಕೆನ್ನುವ ಉತ್ಸಾಹಿಗಳು ಉಂಟು. ಆದರೆ ಹಾಗೆ ಹೊಡೆದುಹಾಕಲು ಕುಳಿತವನು ಕೈಯಲ್ಲಿ ಹಿಡಿದದ್ದೇನು? ಕಾಗದ, ಕಲಮು, ಶಾಯಿ. ಮೂರು ಶಬ್ದಗಳೂ ಪಾರಸಿ-ಅರಬಿಯ ದಾರಿಯಿಂದಲೇ ಬಂದವು. ಈ ಊರಿನಲ್ಲಿಯೇ ೧೯೦೯ರಲ್ಲಿ ವಿ. ಕೃ. ಗೋಕಾಕರು ಹುಟ್ಟಿದರು. ಹಲವು ನುಡಿಗಳ ನಡುವೆ ಬೆಳೆದುದರಿಂದ ಅವರ ಕನ್ನಡಕ್ಕೆ ಕುಂದೇನೂ ತಟ್ಟಲಿಲ್ಲ.

ಸರಕಾರಿ ಶಾಲೆಗಳು ಬಂದ ಮೇಲೆ ತಿದ್ದುವ ಕೆಲಸಕ್ಕೆ ಸಂಬಳ ಬಂತು. ಅದಕ್ಕೆ ಮೊದಲು ನಮ್ಮ ಕಡೆಯ ಕಡತಗಳಲ್ಲಿ ‘ಯೆಲ್ಲ’, ‘ವೊಂದು’ ಎಂದು ಬರೆಯುವುದು ರೂಢಿ. ಹಳೆಯ ಲಿಪಿಯಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಸಾಮಾನ್ಯವಾಗಿ ಭೇದವನ್ನೇ ತೋರಿಸುತ್ತಿರಲಿಲ್ಲ. ಅಚ್ಚು ಮತ್ತು ಶಾಲೆ ಎರಡೂ ಸೇರಿ ಒಂದು ಹದವನ್ನು ತಂದವು. ಮರಾಠಿಯ ಪ್ರಾಬಲ್ಯವಿದ್ದ ಆ ದಿನಗಳಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರನ್ನು ಯಾರು ಮರೆತಾರು? ಹಿರೇಕೆರೂರ ತಾಲೂಕಿನ ಸಾತೇನಹಳ್ಳಿಯಲ್ಲಿ ೧೮೫೬ರಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯರು, ಅಂದರೆ ನಮ್ಮ ಶಾಂತಕವಿಗಳು, ಶಾಲಾ ಮಾಸ್ತರರಾಗಿದ್ದುಕೊಂಡೇ ಮರಾಠಿ ನಾಟಕಗಳೆದುರಿಗೆ ಕನ್ನಡ ರಂಗಭೂಮಿಯನ್ನು ಕಟ್ಟಿದರು. ೧೮೯೦ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವೂ ೧೯೧೫ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತೂ ಹುಟ್ಟಿದವು. ಹಲವು ಆಡಳಿತಗಳಲ್ಲಿ ಹರಿದುಹೋಗಿದ್ದ ನಾಡಿನಲ್ಲಿ ಮೈಸೂರಿನವರು ಧಾರವಾಡದವರ ಕನ್ನಡವನ್ನೂ ಧಾರವಾಡದವರು ಮೈಸೂರಿನವರದನ್ನೂ ತಿದ್ದುತ್ತಿದ್ದರು. ೧೯೫೦ರ ಜನವರಿ ೮ರಂದು ಧಾರವಾಡ ಆಕಾಶವಾಣಿ ಮಾತನಾಡತೊಡಗಿದಾಗ, ೧೯೫೬ರಲ್ಲಿ ನಾಡು ಒಂದಾದಾಗ, ಒಬ್ಬರ ದನಿಗೆ ಇನ್ನೊಬ್ಬರ ಕಿವಿ ಹದಗೊಂಡಿತು. ಬರಹಕ್ಕೆ ಒಂದು ರೂಪ ಬೇಕು, ನಿಜ. ಅದಿಲ್ಲದೆ ಕಾಸರಗೋಡಿನವನು ಬರೆದದ್ದನ್ನು ಬೀದರದವನು ಓದಲಾರ.

ಆದರೆ ಒಂದು ರೂಪದ ಹಂಬಲದಲ್ಲಿ ನಾವು ಕಳೆದುಕೊಳ್ಳಬಾರದ್ದೂ ಒಂದಿದೆ. ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರ ಊರು. ಅದೇ ತಾಲೂಕಿನ ಶಿಶುವಿನಹಾಳದ ಶರೀಫರು (೧೮೧೯-೧೮೮೯) ಕೆಲಕಾಲ ಮಾಸ್ತರಿಕೆ ಮಾಡಿದವರು. ಶಾಲೆಯ ಕನ್ನಡ ಬಲ್ಲವರಾಗಿದ್ದೂ ಅವರು ಹಾಡಿದ್ದು ಹೊಲಮನೆಯ ಕನ್ನಡದಲ್ಲಿ. ಸರ್ವಜ್ಞನು ಅಬಲೂರು-ಮಾಸೂರು ಕಡೆಯವನೆಂದು ಪ್ರತೀತಿ. ಅವನ ತ್ರಿಪದಿಗಳನ್ನು ಅರಸಿ ಕೂಡಿಸಿ ೧೯೨೪ರಲ್ಲಿ ಪ್ರಕಟಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಶ್ರಮ ದೊಡ್ಡದು. ಜನರ ಬಾಯಲ್ಲಿ ಉಳಿದ ನುಡಿಯನ್ನು ಪೂಜ್ಯವೆಂದು ಎತ್ತಿಕೊಂಡದ್ದರಿಂದಲೇ ಆ ಕೆಲಸವಾಯಿತು.

ಕೊನೆಗೆ ನನ್ನ ತಪ್ಪಿನ ಕತೆ. ಎಷ್ಟೋ ವರ್ಷಗಳ ಮೇಲೆ, ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟನ್ನು ಬೇರೆ ಯಾವುದೋ ಶಬ್ದಕ್ಕಾಗಿ ತಿರುವುತ್ತಿದ್ದೆ. ಕಣ್ಣಿಗೆ ಬಿದ್ದದ್ದು ‘ಅಱಿವೆ’. ಅರ್ಥ, ಬಟ್ಟೆ. ತಮಿಳಿನ ಹಳೆಯ ಸಾಹಿತ್ಯದಲ್ಲಿಯೂ ‘ಅಱುವೈ’ ಎಂದರೆ ಇದೇ. ಎರಡು ಸೋದರ ನುಡಿಗಳಲ್ಲಿ ಬೇರುಬಿಟ್ಟ, ಶಕಟರೇಫದಿಂದ ಬರೆಯುತ್ತಿದ್ದ ಪುರಾತನ ಶಬ್ದವದು. ಕೆರೆಯ ದಂಡೆಯಲ್ಲಿ ಅವ್ವನ ಬಾಯಿಂದ ಮಗಳ ಬಾಯಿಗೆ ಸಾವಿರ ವರ್ಷ ಇಳಿದು ಬಂದು ನನ್ನ ಮೇಜಿನ ಮೇಲೆ ನಿಂತಿತ್ತು. ಕೇರಿಯ ಮಾತೆಂದು ನಾನು ಅದಕ್ಕೆ ಗೆರೆಯೆಳೆದೆ! ಅದರ ಜಾಗದಲ್ಲಿ ನಾನಿಟ್ಟ ‘ಬಟ್ಟೆ’ಗೆ ಹಳ್ಗನ್ನಡ ಕವಿಗಳಲ್ಲಿ ಅರ್ಥವೇನು ಗೊತ್ತೇ? ದಾರಿ. ಪಂಪನೇನಾದರೂ ನನ್ನ ತಿದ್ದುಪಡಿಯನ್ನು ಓದಿದ್ದರೆ, ಕೆರೆಗೆ ಹೋಗಿ ದಾರಿಯನ್ನು ಒಗೆಯುವವರು ಎಂಥ ಜನರಪ್ಪಾ ಎಂದು ಬೆರಗಾಗುತ್ತಿದ್ದ.

ಅಂದಿನಿಂದ ನಾನು ತಿದ್ದುವುದನ್ನು ಬಿಟ್ಟಿಲ್ಲ, ತಿದ್ದುವ ರೀತಿಯನ್ನು ಬದಲಿಸಿದ್ದೇನೆ. ಶುಭಾಷಯವನ್ನು ಶುಭಾಶಯವೆಂದು ಇಂದಿಗೂ ತಿದ್ದುತ್ತೇನೆ, ಆದರೆ ಬರೆದವನನ್ನು ಬದಿಗೆ ಕರೆದು ಹೇಳುತ್ತೇನೆ. ‘ಮನಿ’, ‘ಸಾಲಿ’ ಎಂದು ಬರೆದ ಹುಡುಗನಿಗೆ ಗ್ರಂಥದಲ್ಲಿ ‘ಮನೆ’, ‘ಶಾಲೆ’ ಎಂಬ ರೂಪ ನಡೆಯುತ್ತದೆಂದು ಬದಿಗೆ ಬರೆದು ತೋರಿಸುತ್ತೇನೆ, ಅವನ ಮಾತಿಗೆ ಗೆರೆಯೆಳೆಯುವುದಿಲ್ಲ. ಊರಿನ ಶಬ್ದ ಬಂದರೆ ಮೊದಲು ನಿಘಂಟು ನೋಡುತ್ತೇನೆ, ಆಮೇಲೆ ಕೆಂಪು ಶಾಯಿ.

ಆ ಹುಡುಗಿ ಈಗ ತಾಯಿಯಾಗಿರಬಹುದು. ಆಕೆಯ ಮಗುವೂ ಎಲ್ಲಿಯೋ ಕುಳಿತು ಅಕ್ಷರ ತಿದ್ದುತ್ತಿರಬಹುದು. ಆಕೆ ಸಿಕ್ಕರೆ ಹೇಳಬೇಕೆಂದಿದ್ದೇನೆ: ತಂಗೀ, ನಿನ್ನ ಅರಿವಿ ಸರಿಯಿತ್ತು, ನನ್ನ ಅರಿವು ಸಾಲದಾಗಿತ್ತು.